ಜಗಳ ಹತ್ತಿಕೊಳ್ಳುವ ಮೊದಲೇ ತಡೆಯೋದು ಸರ್ಕಾರಿ ನೀತಿಯಿಂದ ಆಗೋ ಕೆಲಸವಾ?

ನಿಧಾನಿ

ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಎರಡು ವಾರದಿಂದ ಒಂದೇ ಕಾನೂನಿನ ಹಿಂದೆ ಬಿದ್ದಿದ್ದೀನಿ. ಅಮೆರಿಕದ ಗ್ಲೋಬಲ್ ಫ್ರಜಿಲಿಟಿ ಆಕ್ಟ್, ಅಂದ್ರೆ ಕುಸಿಯೋ ಅಂಚಿನಲ್ಲಿರೋ 'ದುರ್ಬಲ' ದೇಶಗಳಿಗೆ ಅಂತ ಮಾಡಿದ ಕಾನೂನು. 2019ರ ಡಿಸೆಂಬರ್‌ನಲ್ಲಿ ಖರ್ಚಿನ ಮಸೂದೆಯ ಜೊತೆ ಸೇರಿಕೊಂಡು ಪಾಸಾಯಿತು. ಎರಡೂ ಪಕ್ಷದವರು ಕೂಡಿ ತಂದದ್ದು, ಟ್ರಂಪ್ ಸಹಿ ಹಾಕಿದ್ದು. ಒಂದು ದೇಶ ಪೂರ್ತಿ ಕುಸಿದ ಮೇಲೆ ಸೈನ್ಯ, ನಿರಾಶ್ರಿತರ ಶಿಬಿರ, ಆಹಾರದ ಹಡಗು ಅಂತ ಓಡಾಡೋದಕ್ಕಿಂತ ಬಿರುಕು ಕಂಡಾಗಲೇ ಹೋಗಿ ಹತ್ತು ವರ್ಷ ಕೂತು ಕೆಲಸ ಮಾಡಬೇಕು ಅನ್ನೋದು ಅದರ ಹುರುಳು. ವಿದೇಶಾಂಗ ಇಲಾಖೆ ಮುಂದಾಳು, ನೆರವು ಸಂಸ್ಥೆ ಯುಎಸ್‌ಏಡ್ ಕೆಲಸ ಮಾಡಿಸೋದು, ರಕ್ಷಣಾ ಇಲಾಖೆ ಬೆನ್ನಿಗೆ. ಐದು ವರ್ಷ, ವರ್ಷಕ್ಕೆ 20 ಕೋಟಿ ಡಾಲರ್‌ವರೆಗಿನ ಒಂದು ನಿಧಿಗೆ ಅನುಮತಿ.

ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯೋದು ಕಷ್ಟ. ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ ಅಂತ ಇಪ್ಪತ್ತು ವರ್ಷದಲ್ಲಿ ಸುಮಾರು 14,500 ಕೋಟಿ ಡಾಲರ್ ಹೋಯಿತು. ಅದರ ಮೇಲೆ ಕಣ್ಣಿಟ್ಟಿದ್ದ ಅಮೆರಿಕದ್ದೇ ಲೆಕ್ಕಪರಿಶೋಧಕರು 2021ರಲ್ಲಿ ಬರೆದದ್ದು, ಅದು ಇಪ್ಪತ್ತು ವರ್ಷದ ಒಂದು ಪ್ರಯತ್ನ ಆಗಿರಲಿಲ್ಲ, ಒಂದೊಂದು ವರ್ಷದ ಇಪ್ಪತ್ತು ಪ್ರಯತ್ನ ಆಗಿತ್ತು ಅಂತ. ಆ ರೋಗಕ್ಕೇ ಮದ್ದು ಈ ಕಾನೂನು ಅಂದುಕೊಂಡೆ.

ಆಮೇಲೆ ಏನಾಯಿತು ನೋಡಿ. ಈ ಕಾನೂನಿನಡಿ ಕೆಲಸಕ್ಕೆ ಆರಿಸಿದ ದೇಶಗಳ ಪಟ್ಟಿ ಹೊರಬಂದದ್ದು 2022ರ ಏಪ್ರಿಲ್‌ನಲ್ಲಿ: ಹೈಟಿ, ಲಿಬಿಯಾ, ಮೊಜಾಂಬಿಕ್, ಪಪುವಾ ನ್ಯೂಗಿನಿ, ಮತ್ತೆ ಪಶ್ಚಿಮ ಆಫ್ರಿಕಾ ಕರಾವಳಿಯ ಐದು ದೇಶ (ಬೆನಿನ್, ಐವರಿ ಕೋಸ್ಟ್, ಘಾನಾ, ಗಿನಿ, ಟೋಗೊ). ಹತ್ತು ವರ್ಷದ ಯೋಜನೆಗಳು ತಯಾರಾದದ್ದು 2023ರ ಮಾರ್ಚ್‌ಗೆ. 2025ರ ಜುಲೈ 1ಕ್ಕೆ ಯುಎಸ್‌ಏಡ್ ನೆರವು ಕೊಡೋದನ್ನೇ ನಿಲ್ಲಿಸಿತು. ಯೋಜನೆಗೆ ಎರಡೂಕಾಲು ವರ್ಷ ತುಂಬಿತ್ತು ಅಷ್ಟೆ.

ನನ್ನ ಪ್ರಶ್ನೆ ಅಮೆರಿಕದ ರಾಜಕೀಯದ ಬಗ್ಗೆ ಅಲ್ಲ. ಈ ಥರದ್ದನ್ನ ನೀತಿ ಮಾಡಿ ನಡೆಸೋಕೆ ಯಾವುದಾದರೂ ಸರ್ಕಾರಕ್ಕೆ ಸಾಧ್ಯವಾ? ಆದದ್ದಿದ್ರೆ ಎಲ್ಲಿ, ಹೇಗೆ?

ಕಡತಪ್ರೇಮಿ

ಅಮೆರಿಕ ಒಂದೇ ಅಲ್ಲ ನಿಧಾನಿಯವರೇ. ಬ್ರಿಟನ್ ಇದೇ ಆಟವನ್ನ ಹೆಸರು ಬದಲಾಯಿಸಿ ಬದಲಾಯಿಸಿ ಆಡಿದೆ. 2001ರಲ್ಲಿ ಇಲಾಖೆಗಳ ದುಡ್ಡು ಒಟ್ಟು ಹಾಕಿ ಕಾನ್‌ಫ್ಲಿಕ್ಟ್ ಪೂಲ್ ಮಾಡಿದರು. 2007ಕ್ಕೆ ಸ್ಟೆಬಿಲೈಸೇಶನ್ ಯೂನಿಟ್ ಅನ್ನೋ ವಿಭಾಗ. 2011ಕ್ಕೆ ಹೊಸ ಕಾರ್ಯತಂತ್ರ, 2015ಕ್ಕೆ ನೂರು ಕೋಟಿ ಪೌಂಡ್ ಮೀರಿದ ಹೊಸ ನಿಧಿ, 2024ಕ್ಕೆ ಅದಕ್ಕೂ ಹೊಸ ನಾಮಕರಣ. ಈ ಮಧ್ಯೆ ಒಟ್ಟು ವಿದೇಶಿ ನೆರವನ್ನ ರಾಷ್ಟ್ರೀಯ ಆದಾಯದ ಶೇ. 0.7ರಿಂದ 2021ರಲ್ಲಿ ಶೇ. 0.5ಕ್ಕೆ ಇಳಿಸಿದರು. 2027ಕ್ಕೆ ಶೇ. 0.3 ಅಂತ ಘೋಷಣೆಯೂ ಆಯಿತು, ಉಳಿದದ್ದು ರಕ್ಷಣೆಗೆ.

ಜರ್ಮನಿ 2017ರಲ್ಲಿ ಬಿಕ್ಕಟ್ಟು ತಡೆಯುವ ಮಾರ್ಗಸೂಚಿ ಹೊರಡಿಸಿತು. ವಿಶ್ವಸಂಸ್ಥೆ ಭದ್ರತಾ ಮಂಡಳಿ 2016ರಲ್ಲೇ 2282ನೇ ನಿರ್ಣಯದಲ್ಲಿ ಇದನ್ನೆಲ್ಲ ಒಪ್ಪಿಯಾಗಿದೆ. ಮುಂಚೆಯೇ ತಡೆಯೋದು ಒಳ್ಳೇದು ಅನ್ನೋದಕ್ಕೆ ವಿರೋಧ ಮಾತಾಡಿದ ಒಂದೇ ಒಂದು ಸರ್ಕಾರ ನನಗೆ ಸಿಕ್ಕಿಲ್ಲ. ಅನುಮಾನ ಬರೋದೇ ಅದಕ್ಕೆ.

ಮೂರನೇಬೆಂಚು

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಬಾಗಿಲು ಹಾಕೋದು ಹೇಗೆ ಅಂತ ಐದು ಕಾರ್ಯತಂತ್ರ ಬರೆದು ಬಾಗಿಲನ್ನೇ ಮಾರಿಬಿಟ್ಟ ಹಾಗಿದೆ. ಸರಿ, ನಡೆದ ಉದಾಹರಣೆ ಯಾರಾದ್ರೂ ಹೇಳ್ರಪ್ಪ.

ಸೀಮೆಸುಣ್ಣ

ನಾನು ಇತಿಹಾಸ ಪಾಠ ಮಾಡೋನು, ಅದಕ್ಕೆ ಹಳೇದನ್ನೇ ತರ್ತೀನಿ. ಮ್ಯಾಸಿಡೋನಿಯ (ಈಗ ಉತ್ತರ ಮ್ಯಾಸಿಡೋನಿಯ).

ಯುಗೋಸ್ಲಾವಿಯ ಒಡೆದಾಗ ಕ್ರೊಯೇಷಿಯ ಉರೀತು, ಬೋಸ್ನಿಯದಲ್ಲಿ ಲಕ್ಷದ ಹತ್ತಿರ ಜನ ಸತ್ತರು. ಬಡವ ತಮ್ಮ ಮ್ಯಾಸಿಡೋನಿಯ ಮಾತ್ರ ಗುಂಡು ಹಾರದೆ ಹೊರಬಂತು. ಅಧ್ಯಕ್ಷ ಕಿರೊ ಗ್ಲಿಗೊರೊವ್ 1992ರಲ್ಲಿ, ಜಗಳ ಶುರುವಾಗೋ ಮೊದಲೇ, ವಿಶ್ವಸಂಸ್ಥೆಗೆ ಕಾಗದ ಬರೆದು ಸೈನಿಕರನ್ನ ಕಳಿಸಿ ಅಂದರು. ಕಳಿಸಿದರು. ಸಾವಿರದ ಆಸುಪಾಸು ಜನ, ಉತ್ತರ ಯುರೋಪಿನವರು, ಆಮೇಲೆ ಅಮೆರಿಕದವರು. ಗಡಿಯಲ್ಲಿ ಗೋಪುರ ಕಟ್ಟಿಕೊಂಡು ನೋಡ್ತಾ ನಿಂತರು, ಅಷ್ಟೇ ಕೆಲಸ. ಯುದ್ಧ ಆಗುವ ಮೊದಲೇ ಶಾಂತಿಪಾಲನಾ ಪಡೆ ಹೋಗಿ ನಿಂತದ್ದು ವಿಶ್ವಸಂಸ್ಥೆಯ ಇತಿಹಾಸದಲ್ಲಿ ಅದೇ ಮೊದಲು.

ಈಗ ಮುಗಿದ ಬಗೆ ಕೇಳಿ. 1999ರ ಜನವರಿಯಲ್ಲಿ ಮ್ಯಾಸಿಡೋನಿಯದ ಹೊಸ ಸರ್ಕಾರ ತೈವಾನ್‌ಗೆ ಮಾನ್ಯತೆ ಕೊಟ್ಟಿತು. ಫೆಬ್ರವರಿ 25ರಂದು ಪಡೆಯ ಅವಧಿ ಮುಂದುವರಿಸೋ ನಿರ್ಣಯಕ್ಕೆ ಚೀನಾ ವೀಟೊ ಹಾಕಿತು. ಪಡೆಯ ಕೆಲಸ ಮುಗಿದಿದೆ ಅನ್ನೋದು ಚೀನಾ ಕೊಟ್ಟ ಕಾರಣ. ಒಂದು ತಿಂಗಳೊಳಗೆ ಪಕ್ಕದ ಕೊಸೊವೊ ವಿಚಾರಕ್ಕೆ ಯುಗೋಸ್ಲಾವಿಯದ ಮೇಲೆ ನ್ಯಾಟೊ ಬಾಂಬು, ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಮ್ಯಾಸಿಡೋನಿಯಕ್ಕೆ. 2001ರ ಹೊತ್ತಿಗೆ ಮ್ಯಾಸಿಡೋನಿಯದೊಳಗೇ ಅಲ್ಲಿನ ಅಲ್ಪಸಂಖ್ಯಾತ ಅಲ್ಬೇನಿಯನ್ ಬಂಡುಕೋರರ ದಂಗೆ.

ದಂಗೆ ಆರು ತಿಂಗಳಲ್ಲಿ ನಿಂತಿತು. ಆಗಸ್ಟ್ 13ಕ್ಕೆ ಓಹ್ರಿಡ್ ಒಪ್ಪಂದ. ಶೇ. 20ಕ್ಕಿಂತ ಹೆಚ್ಚು ಜನ ಆಡೋ ಭಾಷೆಗೆ ಅಧಿಕೃತ ಸ್ಥಾನ, ಪೊಲೀಸ್ ಮತ್ತು ಸರ್ಕಾರಿ ಕೆಲಸದಲ್ಲಿ ಅಲ್ಬೇನಿಯನ್ನರಿಗೆ ಜಾಗ. ಗೋಪುರದ ಮೇಲೆ ನಿಂತಿದ್ದ ಸೈನಿಕರು ಆರು ವರ್ಷ ಕೊಡಿಸಿದ ಬಿಡುವಿನಲ್ಲಿ ಈ ಭಾಷೆ, ನೌಕರಿಯ ತಕರಾರನ್ನ ಬಗೆಹರಿಸಬಹುದಿತ್ತು. ಆಗ ಗಡಿ ಕಾದರು, ಮನೆಯೊಳಗಿನದ್ದನ್ನ ಹಾಗೇ ಬಿಟ್ಟರು. ನನ್ನ ಪ್ರಕಾರ ಗೆಲುವು ಸೋಲು ಎರಡೂ ಒಂದೇ ಕಥೆಯಲ್ಲಿವೆ.

ಬಿಳಿಕಾಗೆ

ಎಲ್ಲರೂ ಅವರು ಕೊಟ್ಟ ನೆರವು ಸಾಕಾ, ಬೇಗ ಬಂತಾ ಅಂತ ಮಾತಾಡ್ತಿದ್ದೀರಿ. ಬೆಂಕಿ ಹಚ್ಚಿದ್ದು ಯಾರು ಅಂತ ಕೇಳಬಾರದಾ?

ಹೈಟಿಯನ್ನೇ ತಗೊಳ್ಳಿ, ಆ ಪಟ್ಟಿಯಲ್ಲಿ ಮೊದಲ ಹೆಸರು. 1980ರ ದಶಕದ ಆರಂಭದವರೆಗೆ ಆ ದೇಶ ತನಗೆ ಬೇಕಾದ ಅಕ್ಕಿಯನ್ನ ಬಹುಪಾಲು ತಾನೇ ಬೆಳೀತಿತ್ತು. 1990ರ ದಶಕದಲ್ಲಿ ಹೊರಗಿನವರ ಒತ್ತಾಯಕ್ಕೆ ಅಕ್ಕಿ ಮೇಲಿನ ಆಮದು ಸುಂಕ ಶೇ. 3ಕ್ಕೆ ಇಳೀತು. ಸಬ್ಸಿಡಿ ಹೊತ್ತ ಅಮೆರಿಕದ ಅಕ್ಕಿ ಒಳಗೆ ಬಂತು, ಗದ್ದೆಯವರು ರಾಜಧಾನಿಯ ಕೊಳೆಗೇರಿಗೆ ಹೋದರು. ಬಿಲ್ ಕ್ಲಿಂಟನ್ 2010ರಲ್ಲಿ ಸೆನೆಟ್ ಸಮಿತಿ ಮುಂದೆ ಕೂತು ಅದು ತಪ್ಪಾಗಿತ್ತು, ಅರ್ಕಾನ್ಸಾಸ್‌ನ ರೈತರಿಗೆ ಒಳ್ಳೇದಾಗಿರಬಹುದು ಅಂತ ಒಪ್ಪಿಕೊಂಡರು. ಅದೇ ವರ್ಷ ಶಾಂತಿಪಾಲನಾ ಪಡೆಯ ಶಿಬಿರದ ಹೊಲಸು ನದಿಗೆ ಸೇರಿ ಕಾಲರಾ ಬಂತು, ಹತ್ತು ಸಾವಿರದ ಹತ್ತಿರ ಜನ ಸತ್ತರು. ವಿಶ್ವಸಂಸ್ಥೆ ಕ್ಷಮೆ ಕೇಳೋಕೆ ಆರು ವರ್ಷ ಬೇಕಾಯಿತು. ಇವತ್ತು ಗ್ಯಾಂಗುಗಳ ಕೈಲಿರೋ ಬಂದೂಕು ಎಲ್ಲಿಂದ? ಬಹುಪಾಲು ಅಮೆರಿಕದಿಂದ, ಮುಖ್ಯವಾಗಿ ಫ್ಲೋರಿಡಾದಿಂದ ಕಳ್ಳದಾರೀಲಿ ಬಂದವು. ಇದನ್ನ ವಿಶ್ವಸಂಸ್ಥೆಯದ್ದೇ ವರದಿ ಹೇಳುತ್ತೆ.

ಲಿಬಿಯಾನೂ ಅದೇ ಪಟ್ಟಿಯಲ್ಲಿದೆ. 2011ರಲ್ಲಿ ಬಾಂಬು ಹಾಕಿದವರು ಯಾರು? ಅಲ್ಲಿನ ಸರ್ವಾಧಿಕಾರಿ ಗಡಾಫಿಯ ಸೈನ್ಯದಲ್ಲಿದ್ದ ತುವಾರೆಗ್ (ಸಹಾರಾ ಮರುಭೂಮಿಯ ಒಂದು ಸಮುದಾಯ) ಯೋಧರು ಬಂದೂಕು ಹೊತ್ತು ಮಾಲಿಗೆ ಮರಳಿದರು. 2012ರ ಜನವರಿಗೆ ಅಲ್ಲಿ ದಂಗೆ, ಮಾರ್ಚ್‌ಗೆ ಸೇನೆ ಅಧಿಕಾರ ಕಿತ್ತುಕೊಂಡಿತು. ಹತ್ತು ವರ್ಷದ ಶಾಂತಿಪಾಲನೆ, 300ಕ್ಕೂ ಹೆಚ್ಚು ಶಾಂತಿಪಾಲಕರ ಸಾವು, ಕೊನೆಗೆ 2023ರಲ್ಲಿ ಮಾಲಿ ಸರ್ಕಾರವೇ ಎದ್ದು ಹೋಗಿ ಅಂದಿತು.

ಇನ್ನು ಆ 'ದುರ್ಬಲ ದೇಶ' ಅನ್ನೋ ಚೀಟಿ. ಬಹುಪಾಲು ಶ್ರೀಮಂತ ದೇಶಗಳ ಸಂಘಟನೆ ಒಇಸಿಡಿಯ 2025ರ ಲೆಕ್ಕದಲ್ಲಿ 61 ಕಡೆ ಹೆಚ್ಚಿನ ಅಥವಾ ಅತಿಯಾದ ದುರ್ಬಲತೆ ಇದೆ. ಚೀಟಿ ಅಂಟಿಸೋರ ಹಣೆಗೆ ಚೀಟಿ ಅಂಟಿಸೋರು ಯಾರೂ ಇಲ್ಲ.

ನಿಧಾನಿ

ಬಿಳಿಕಾಗೆಯವರ ಅಕ್ಕಿ ಉದಾಹರಣೆ ನನ್ನನ್ನ ಕೂರಿಸಿಬಿಟ್ಟಿತು. ಸುಂಕ ವಾಣಿಜ್ಯದವರದ್ದು, ಬಂದೂಕು ಸುಂಕದ ಕಟ್ಟೆಯವರದ್ದು, ಶಾಂತಿ ಮಾತ್ರ ಮೂಲೆಯ ಒಂದು ಚಿಕ್ಕ ಇಲಾಖೆಯದ್ದು. ಆ ಚಿಕ್ಕ ಇಲಾಖೆಯವರಿಗೆ ವಾಣಿಜ್ಯದ ಸಭೆಗೆ ಕುರ್ಚಿಯೂ ಇರಲ್ಲ. ಒಪ್ಪಿದೆ.

ಆದರೂ ಇದರಿಂದ ಕೈ ಕಟ್ಟಿ ಕೂರಬೇಕು ಅಂತ ಆಗಲ್ಲ. ಮ್ಯಾಸಿಡೋನಿಯಕ್ಕೆ ಹೋದ ಸಾವಿರ ಜನ ಹೋಗದೇ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತೀರಾ?

ಧೂಳಿನದಾರಿ

ಓದ್ತಾ ಓದ್ತಾ ಸುಮ್ಮನಿರೋಕೆ ಆಗಲಿಲ್ಲ. ಏಳು ವರ್ಷ ಇಂಥದೊಂದು ಯೋಜನೆಯ ಕಚೇರಿಯಲ್ಲಿ ಲೆಕ್ಕ ನೋಡಿಕೊಂಡಿದ್ದೆ. ಯಾವ ದೇಶ, ಯಾರ ದುಡ್ಡು ಹೇಳಲ್ಲ, ಕೇಳಬೇಡಿ.

ನಮ್ಮಲ್ಲಿ ದಿನಾ ಕೇಳಿಬರ್ತಿದ್ದ ಮಾತು ಶಾಂತಿ ಅಲ್ಲ, ಬರ್ನ್ ರೇಟ್. ಅಂದ್ರೆ ಕೊಟ್ಟ ದುಡ್ಡನ್ನ ಎಷ್ಟು ಬೇಗ ಸುಡ್ತಿದ್ದೀರಿ ಅಂತ. ನಿಧಾನವಾಗಿ ಖರ್ಚಾದ್ರೆ ಮೇಲಿನವರು, ಇವರಿಗೆ ಅಷ್ಟು ಬೇಕಿರಲಿಲ್ಲ ಅಂತ ಮುಂದಿನ ವರ್ಷ ಕಡಿತ ಮಾಡ್ತಿದ್ರು. ಆರ್ಥಿಕ ವರ್ಷ ಮುಗಿಯೋಕೆ ಎರಡು ತಿಂಗಳಿದೆ ಅನ್ನುವಾಗ ತರಬೇತಿ ಶಿಬಿರಗಳ ಸುಗ್ಗಿ. ಒಂದೇ ಹಳ್ಳಿಯ ಅದೇ ಮೂವತ್ತು ಜನ 'ಸಂಘರ್ಷ ಪರಿಹಾರ' ತರಬೇತಿಯನ್ನ ನಾಲ್ಕು ಸಲ ಪಡೆದದ್ದಕ್ಕೆ ನಾನೇ ಬಿಲ್ ಪಾಸು ಮಾಡಿದ್ದೀನಿ. ಅವರಲ್ಲೊಬ್ಬ ಅಜ್ಜ ಕೊನೇ ಸಲ ಬಂದಾಗ ತರಬೇತಿದಾರನ ಚಾರ್ಟನ್ನ ತಾನೇ ಗೋಡೆಗೆ ಅಂಟಿಸಿದ, ಯಾವುದು ಮೊದಲು ಯಾವುದು ಆಮೇಲೆ ಅಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ನಿಜವಾದ ಕೆಲಸ ನಡೆದದ್ದು ಬೇರೆ ಕಡೆ. ದನ ಮೇಯಿಸೋರಿಗೂ ಹೊಲದವರಿಗೂ ನೀರಿನ ದಾರಿ ಮೇಲೆ ಹಳೇ ತಕರಾರು. ನಮ್ಮ ಇಬ್ಬರು ಸ್ಥಳೀಯ ಸಿಬ್ಬಂದಿ ಎರಡು ವರ್ಷ ಎರಡೂ ಕಡೆ ಓಡಾಡಿದರು. ಖರ್ಚು ಅಂದ್ರೆ ಅವರ ಸಂಬಳ, ಒಂದು ಮೋಟಾರ್ ಸೈಕಲ್, ಪೆಟ್ರೋಲು. ಆ ವರ್ಷ ಬೇಸಿಗೆಯಲ್ಲಿ ಹೊಡೆದಾಟ ಆಗಲಿಲ್ಲ. ನಮ್ಮ ವರದಿಯ ಫಾರಂನಲ್ಲಿ ನಡೆದ ಸಭೆ ಎಷ್ಟು, ಬಂದ ಜನ ಎಷ್ಟು, ಅದರಲ್ಲಿ ಹೆಂಗಸರೆಷ್ಟು ಅಂತೆಲ್ಲ ಕಾಲಂ ಇದ್ದವು. ಹೊಡೆದಾಟ ಆಗಲಿಲ್ಲ ಅನ್ನೋದಕ್ಕೆ ಕಾಲಂ ಇರಲಿಲ್ಲ. ಮಾರನೇ ವರ್ಷ ಆ ಮೋಟಾರ್ ಸೈಕಲ್ ಖರ್ಚಿಗೇ ಮೊದಲು ಕತ್ತರಿ ಬಿತ್ತು.

ಇನ್ನೊಂದು, ಹೊರಗಿಂದ ಬರ್ತಿದ್ದ ಅಧಿಕಾರಿ ಇರ್ತಿದ್ದದ್ದು ಒಂದೇ ವರ್ಷ. ಏಳು ವರ್ಷದಲ್ಲಿ ಏಳು ಜನಕ್ಕೆ ಅದೇ ನೀರಿನ ದಾರಿಯ ಕಥೆಯನ್ನ ಮೊದಲಿಂದ ಹೇಳಿದ್ದೀನಿ. ಏಳನೆಯವರಿಗೆ ಹೇಳುವಾಗ ಸ್ವಲ್ಪ ಚಿಕ್ಕದಾಗಿ ಹೇಳಿದೆ, ತಪ್ಪು ನನ್ನದೂ ಇದೆ.

ಲೆಕ್ಕಪತ್ರ

ಧೂಳಿನದಾರಿ ಮೇಡಂ ಹೇಳಿದ ಕಾಲಂ ಸಮಸ್ಯೆ ಬರೀ ಫಾರಂನದ್ದಲ್ಲ, ಬುಡದಲ್ಲೇ ಇದೆ. ಆಗದೇ ಇದ್ದದ್ದನ್ನ ಅಳೆಯೋದು ಹೇಗೆ?

ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆ ಸೇರಿ 2018ರಲ್ಲಿ ಒಂದು ಅಧ್ಯಯನ ಮಾಡಿದವು. ಮುಂಚೆಯೇ ತಡೆದರೆ ವರ್ಷಕ್ಕೆ 500 ಕೋಟಿಯಿಂದ 7,000 ಕೋಟಿ ಡಾಲರ್ ಉಳಿತಾಯ ಅಂತ ಅಂದಾಜು. ಕೆಳಗಿನದ್ದಕ್ಕೂ ಮೇಲಿನದ್ದಕ್ಕೂ ಹದಿನಾಲ್ಕು ಪಟ್ಟು ಅಂತರ ಇರೋ ಸಂಖ್ಯೆಯನ್ನ ಯಾವ ಹಣಕಾಸು ಮಂತ್ರಿ ಮುಂದೆ ಇಡ್ತೀರಿ? ನಾನೇ ಆ ಕುರ್ಚಿಯಲ್ಲಿದ್ರೂ, ಇವತ್ತು ಕಣ್ಣಿಗೆ ಕಾಣೋ ಆಸ್ಪತ್ರೆ ಬಿಟ್ಟು ನಾಳೆ ಕಾಣದೇ ಹೋಗೋ ಯುದ್ಧಕ್ಕೆ ದುಡ್ಡು ಕೊಡೋಕೆ ತಿಣುಕಾಡ್ತಿದ್ದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದ ಲೆಕ್ಕ ವಿಶ್ವಬ್ಯಾಂಕಿನ 2011ರ ವಿಶ್ವ ಅಭಿವೃದ್ಧಿ ವರದಿಯದ್ದು. ಇಪ್ಪತ್ತನೇ ಶತಮಾನದಲ್ಲಿ ಅತಿ ವೇಗವಾಗಿ ಸುಧಾರಿಸಿದ 20 ದೇಶಗಳಿಗೇ ಸೇನೆಯನ್ನ ರಾಜಕೀಯದಿಂದ ಹೊರಗಿಡೋಕೆ ಸರಾಸರಿ 17 ವರ್ಷ ಹಿಡಿಯಿತು. ಆಡಳಿತ ಯಂತ್ರ ಒಂದು ಮಟ್ಟಕ್ಕೆ ಬರೋಕೆ 20 ವರ್ಷ, ಭ್ರಷ್ಟಾಚಾರ ಹತೋಟಿಗೆ ಬರೋಕೆ 27 ವರ್ಷ. ಇದು ತರಗತಿಯ ಮೊದಲ ರ‍್ಯಾಂಕಿನವರ ಕಥೆ. ಹಾಗಾದ್ರೆ ಅಮೆರಿಕದ ಹತ್ತು ವರ್ಷದ ಯೋಜನೆ, ನಾವೆಲ್ಲ ಭಾರೀ ದೂರದೃಷ್ಟಿ ಅಂತ ಹೊಗಳ್ತಿರೋದು, ಅಳತೆಯಲ್ಲೇ ಗಿಡ್ಡ.

ಮೂರನೇಬೆಂಚು

ಮುಂಚೆ ಗೊತ್ತಾಗೋದಾದ್ರೂ ಗೊತ್ತಾಗುತ್ತಾ? ಈಗ ಉಪಗ್ರಹ, ಕಂಪ್ಯೂಟರ್ ಎಲ್ಲ ಇದೆಯಲ್ಲ, ಮೊದಲೇ ಗಂಟೆ ಬಾರಿಸೋದು ಸುಲಭ ಇರಬೇಕು.

ಸೀಮೆಸುಣ್ಣ

ಗಂಟೆಗೆ ಯಾವತ್ತೂ ಬರ ಇರಲಿಲ್ಲ ಮೂರನೇಬೆಂಚು. ರುವಾಂಡದಲ್ಲಿ ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥ ರೋಮಿಯೊ ಡಲೇರ್ 1994ರ ಜನವರಿ 11ರಂದೇ ನ್ಯೂಯಾರ್ಕಿಗೆ ಸಂದೇಶ ಕಳಿಸಿದ್ದರು. ಬಚ್ಚಿಟ್ಟ ಆಯುಧದ ಸುದ್ದಿ, ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರ ಪಟ್ಟಿ ಮಾಡ್ತಿರೋ ಸುದ್ದಿ ಎಲ್ಲ ಅದರಲ್ಲಿತ್ತು. ಆಯುಧ ಹಿಡಿಯೋಕೆ ಅನುಮತಿ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಕೊಲೆ ಶುರುವಾದ ಎರಡೇ ವಾರಕ್ಕೆ ಭದ್ರತಾ ಮಂಡಳಿ 2,500 ಇದ್ದ ಪಡೆಯನ್ನ 270ಕ್ಕೆ ಇಳಿಸಿತು. ಇಳಿಸಿತು ಅಂತಲೇ ಬರೆದಿದ್ದೀನಿ, ಅಕ್ಷರ ತಪ್ಪಿಲ್ಲ. ಮೂರು ತಿಂಗಳಲ್ಲಿ ಸುಮಾರು ಎಂಟು ಲಕ್ಷ ಜನ.

ಗಂಟೆ ಕೇಳಿಸಿಕೊಂಡ ಉದಾಹರಣೆನೂ ಇದೆ, ಗ್ಯಾಂಬಿಯ. 2016ರ ಡಿಸೆಂಬರ್ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಯಾಹ್ಯಾ ಜಮ್ಮೆ ಮೊದಲು ಒಪ್ಪಿ, ಆಮೇಲೆ ಕುರ್ಚಿ ಬಿಡಲ್ಲ ಅಂದರು. ನೆರೆಯ ದೇಶಗಳ ಒಕ್ಕೂಟ ಇಕೊವಾಸ್ ಒಂದು ಕಡೆ ತನ್ನ ಸದಸ್ಯ ದೇಶಗಳ ಅಧ್ಯಕ್ಷರನ್ನ ಮಾತುಕತೆಗೆ ಕಳಿಸಿತು, ಇನ್ನೊಂದು ಕಡೆ ಗಡಿಗೆ ಸೈನ್ಯ ಕಳಿಸಿತು. 2017ರ ಜನವರಿ 21ಕ್ಕೆ ಜಮ್ಮೆ ವಿಮಾನ ಹತ್ತಿದರು. ದೂರದವರಿಗೆ ಅದು ಒಂದು ದಿನದ ಸುದ್ದಿ. ಪಕ್ಕದ ಸೆನೆಗಲ್‌ಗೆ ಹಾಗಲ್ಲ, ಗ್ಯಾಂಬಿಯ ಇರೋದೇ ಅದರ ಹೊಟ್ಟೆಯೊಳಗೆ.

ಬಿಳಿಕಾಗೆ

ಗ್ಯಾಂಬಿಯ ಒಪ್ತೀನಿ. ಮ್ಯಾಸಿಡೋನಿಯನೂ ಒಪ್ತೀನಿ ನಿಧಾನಿಯವರೇ, ಕರೆದದ್ದು ಅವರೇ ಅಲ್ವಾ. ನನ್ನ ತಕರಾರು ಕರೆಯದೆ ಬರೋರ ಮೇಲೆ.

ಆದ್ರೆ ಕರೆಯೋರು ಯಾರು ಅನ್ನೋದೂ ಗೋಜಲೇ. ಮೊಜಾಂಬಿಕ್ ನೋಡಿ. ಉತ್ತರದ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ ಮಾಣಿಕ್ಯ ಇದೆ, ಸಮುದ್ರದಲ್ಲಿ ಭಾರೀ ಅನಿಲ ಇದೆ, ಜನ ಮಾತ್ರ ದೇಶದ ಕಡುಬಡವರಲ್ಲಿ ಸೇರಿದವರು. ಸರ್ಕಾರ ಸಂಸತ್ತಿಗೆ ಹೇಳದೆ ಎತ್ತಿದ ಸುಮಾರು 200 ಕೋಟಿ ಡಾಲರ್ ಸಾಲ 2016ರಲ್ಲಿ ಬಯಲಾಯಿತು. ಮೀನು ಹಿಡಿಯೋ ದೋಣಿಗೆ, ಕರಾವಳಿ ಕಾವಲಿಗೆ ಅಂತ ತಗೊಂಡ ದುಡ್ಡು. ಐಎಂಎಫ್, ದಾನಿ ದೇಶಗಳು ನೆರವು ನಿಲ್ಲಿಸಿದವು, ಹಣದ ಬೆಲೆ ಬಿತ್ತು. 2017ರ ಅಕ್ಟೋಬರ್‌ನಲ್ಲಿ ಮೊಸಿಂಬೊವಾ ಡ ಪ್ರಾಯಾದ ಪೊಲೀಸ್ ಠಾಣೆಗಳ ಮೇಲೆ ದಾಳಿ. 2021ರ ಮಾರ್ಚ್‌ನಲ್ಲಿ ಪಾಲ್ಮಾ ಪಟ್ಟಣ ಬಿತ್ತು, ಫ್ರಾನ್ಸಿನ ಟೋಟಲ್ ಕಂಪನಿ 2,000 ಕೋಟಿ ಡಾಲರಿನ ಅನಿಲ ಯೋಜನೆ ನಿಲ್ಲಿಸಿ ಹೊರನಡೆಯಿತು. ನಾಲ್ಕು ವರ್ಷದಿಂದ ಉರೀತಿದ್ದ ಜಾಗಕ್ಕೆ ರುವಾಂಡದ ಸೈನ್ಯವೂ ನೆರೆ ದೇಶಗಳ ಪಡೆಯೂ ಬಂದದ್ದು ಅದೇ ಜುಲೈಗೆ.

ಆ ದೇಶದವರ ಕೈಗೇ ಲೇಖನಿ ಕೊಡಿ ಅಂತ ಎಲ್ಲ ನೀತಿಯೂ ಹೇಳುತ್ತೆ. ಯಾರ ಕೈಗೆ? ಸಾಲ ಬಚ್ಚಿಟ್ಟವರ ಕೈಗಾ?

ಧೂಳಿನದಾರಿ

ಪ್ರಶ್ನೆ ಸರಿಯಾಗಿದೆ, ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅರ್ಧ ಇದೆ.

ಕೀನ್ಯಾದ ಈಶಾನ್ಯದ ವಜೀರ್. 1990ರ ದಶಕದ ಆರಂಭ, ಬರ, ಸೊಮಾಲಿ ಕುಲಗಳ ನಡುವೆ ಕೊಲೆ ಮೇಲೆ ಕೊಲೆ. ಬೇರೆ ಬೇರೆ ಕುಲದ ಕೆಲವು ಹೆಂಗಸರು ಸೇರಿ ಮೊದಲು ಮಾರ್ಕೆಟ್ಟಿನಲ್ಲಿ ಎಲ್ಲ ಕುಲದವರೂ ಕೊಳ್ಳೋದು ಮಾರೋದು ಮಾಡಬಹುದು ಅಂತ ಕಾವಲು ನಿಂತರು. ಮುಂದಾಳುಗಳಲ್ಲಿ ದೇಖಾ ಇಬ್ರಾಹಿಂ ಅಬ್ದಿ ಒಬ್ಬರು. ಆಮೇಲೆ ಹಿರಿಯರು, ಯುವಕರು, ಕೊನೆಗೆ ಜಿಲ್ಲಾ ಆಡಳಿತದವರೂ ಸೇರಿ ಒಂದು ಸಮಿತಿ ಆಯಿತು. ಅದೇ ಮಾದರಿ ಜಿಲ್ಲಾ ಶಾಂತಿ ಸಮಿತಿ ಅಂತ ಬೇರೆ ಕಡೆಗೂ ಹರಡಿತು. ರಾಜಧಾನಿಯಲ್ಲಿ ಎಂಥವರಿದ್ರೂ, ಲೇಖನಿ ಕೊಡೋಕೆ ಜಿಲ್ಲೆಯಲ್ಲಿ ಒಂದು ಕೈ ಸಿಗುತ್ತೆ.

ಇದಕ್ಕೆ ಮಿತಿಯೂ ಇದೆ. 2007ರ ಚುನಾವಣೆ ಮುಗಿದ ಮೇಲೆ ಅದೇ ಕೀನ್ಯಾದಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು. ಮೇಲಿನವರ ಜಗಳಕ್ಕೆ ಹಳ್ಳಿ ಸಮಿತಿ ಸಾಲಲ್ಲ. ಆಫ್ರಿಕಾದ ಹಿರಿಯರಾದ ಕೋಫಿ ಅನ್ನಾನ್ (ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ), ಗ್ರಾಸಾ ಮಾಶೆಲ್, ಬೆಂಜಮಿನ್ ಎಂಕಾಪ ವಾರಗಟ್ಟಲೆ ಕೂತು ಫೆಬ್ರವರಿ 28ಕ್ಕೆ ಒಪ್ಪಂದ ಮಾಡಿಸಿದರು. ಅದರಿಂದ 2010ರ ಸಂವಿಧಾನ, 47 ಕೌಂಟಿಗಳಿಗೆ (ಜಿಲ್ಲೆಯಂಥವು) ಅಧಿಕಾರ, ಬಹುಮಟ್ಟಿಗೆ ಶಾಂತವಾದ 2013ರ ಚುನಾವಣೆ. ಕೆಳಗೆ ಮೇಲೆ ಎರಡೂ ಬೇಕು. ಹೊರಗಿನವರ ಕೆಲಸ ಅಂದ್ರೆ ಎರಡಕ್ಕೂ ಪೆಟ್ರೋಲು ಹಾಕೋದು, ಗಾಡಿ ಓಡಿಸೋದಲ್ಲ.

ಕಾನೂನು ಬರೆಯೋಕೆ ನನ್ನನ್ನ ಕರೆದ್ರೆ (ಕರೆಯಲ್ಲ) ಎರಡೇ ಸಾಲು ಸೇರಿಸ್ತೀನಿ. ಈ ವರ್ಷ ಉಳಿದ ದುಡ್ಡು ಮುಂದಿನ ವರ್ಷಕ್ಕೆ ಹೋಗಲಿ, ಯಾರೂ ಬೈಯಬಾರದು. ಅಧಿಕಾರಿ ನಾಲ್ಕು ವರ್ಷ ಅಲ್ಲೇ ಇರಲಿ.

ಕಡತಪ್ರೇಮಿ

ಮೊದಲನೇ ಸಾಲಿಗೆ ಹಣಕಾಸು ಇಲಾಖೆ ಒಪ್ಪಲ್ಲ, ಎರಡನೇದಕ್ಕೆ ಅಧಿಕಾರಿಯ ಮನೆಯವರು ಒಪ್ಪಲ್ಲ. ಬಾಕಿ ಎಲ್ಲ ಸರಿಯಾಗಿದೆ ಮೇಡಂ.

ನಿಧಾನಿ

ಕೇಳಿದ ಪ್ರಶ್ನೆಗೆ ನಾನೂ ಒಂದು ಉದಾಹರಣೆ ಸೇರಿಸ್ತೀನಿ, ಪಟ್ಟಿಯಲ್ಲಿರೋ ಪಪುವಾ ನ್ಯೂಗಿನಿಯದ್ದೇ. ಬೂಗನ್‌ವಿಲ್ ದ್ವೀಪ. ಪಂಗುನಾ ತಾಮ್ರದ ಗಣಿಯ ಜಗಳ 1988ರಲ್ಲಿ ಅಂತರ್ಯುದ್ಧ ಆಯಿತು, ಹತ್ತು ವರ್ಷ ನಡೆಯಿತು, ಸಾವಿರಾರು ಜನ ಸತ್ತರು. 1997ರಲ್ಲಿ ನ್ಯೂಜಿಲೆಂಡ್ ಎಲ್ಲರನ್ನೂ ಕರೆಸಿ ಕೂರಿಸಿತು. ಆಮೇಲೆ ನ್ಯೂಜಿಲೆಂಡಿನ, ಅವರ ನಂತರ ಆಸ್ಟ್ರೇಲಿಯದ ಮುಂದಾಳತ್ವದಲ್ಲಿ ಕದನವಿರಾಮ ನೋಡಿಕೊಳ್ಳೋಕೆ ಹೋದ ತಂಡ ಒಂದು ಬಂದೂಕನ್ನೂ ಒಯ್ಯಲಿಲ್ಲ. ಹಳ್ಳಿ ಹಳ್ಳಿಗೆ ಹೋಗಿ ಮಾತಾಡೋದು, ಕೂರೋದು, ಇಷ್ಟೇ.

ನನಗೆ ಹಿಡಿಸಿದ್ದು 2001ರ ಒಪ್ಪಂದದ ಒಂದು ಷರತ್ತು. ಸ್ವಾತಂತ್ರ್ಯ ಬೇಕೋ ಬೇಡವೋ ಅನ್ನೋ ಜನಮತಗಣನೆಯನ್ನ ತಕ್ಷಣ ಮಾಡಲಿಲ್ಲ. ಸ್ವಾಯತ್ತ ಸರ್ಕಾರ ಬಂದ 10 ವರ್ಷದಿಂದ 15 ವರ್ಷದೊಳಗೆ ಅಂದರು, ಆಯುಧ ಒಪ್ಪಿಸೋದನ್ನೂ ಅದಕ್ಕೆ ಜೋಡಿಸಿದರು. ಸ್ವಾಯತ್ತ ಸರ್ಕಾರ ಬಂದದ್ದು 2005ರಲ್ಲಿ, ಮತದಾನ ಆದದ್ದು 2019ರ ಕೊನೆಗೆ. ಲೆಕ್ಕಪತ್ರ ಹೇಳಿದ 17, 20, 27 ವರ್ಷದ ಪಕ್ಕ ಇಟ್ಟು ನೋಡಿ, ಸಮಯ ಇಷ್ಟು ಬೇಕು ಅಂತ ಒಪ್ಪಂದದಲ್ಲೇ ಬರೆದಿಟ್ಟ ಕಡೆ ಇದು. ವರ್ಷ ವರ್ಷ ಬಜೆಟ್ ಕೇಳಿ ತಂದದ್ದಲ್ಲ.

ಮೂರನೇಬೆಂಚು

ಮತ ಏನು ಬಂತು?

ನಿಧಾನಿ

ಸ್ವಾತಂತ್ರ್ಯಕ್ಕೆ ಸುಮಾರು ಶೇ. 98.

ಬಿಳಿಕಾಗೆ

ಶೇ. 98 ಬಂದು ಎಷ್ಟು ವರ್ಷ ಆಯಿತು? ಆ ಮತಕ್ಕೆ ಕಾನೂನಿನ ಕಟ್ಟು ಇಲ್ಲ, ಪಪುವಾ ನ್ಯೂಗಿನಿ ಸಂಸತ್ತು ಒಪ್ಪಬೇಕು. ಅಷ್ಟು ವರ್ಷ ಕಾಯಿಸಿದ್ದು ತಾಳ್ಮೆ ಅಂತೀರಿ, ಅಲ್ಲಿಯವರು ಮುಂದೂಡಿದ್ದು ಅಂತಾರೇನೋ.

ನಿಧಾನಿ

ಅನ್ನಬಹುದು. ಅಲ್ಲಿನ ನಾಯಕರು 2027ರ ಸೆಪ್ಟೆಂಬರ್ 1 ಅಂತ ತಾವೇ ಸ್ವಾತಂತ್ರ್ಯದ ದಿನ ಗುರುತು ಹಾಕಿಕೊಂಡಿದ್ದಾರೆ. ಆ ದಿನ ಏನಾಗುತ್ತೆ ನೋಡಿ ಇದೇ ಚರ್ಚೆಗೆ ಬಂದು ಬರೀತೀನಿ. ಅಲ್ಲಿವರೆಗೆ ಯಾರೂ ಬೀಗ ಹಾಕಬೇಡಿ.